ರಜೆ ಒಂದೇ ದಿನ, ಜಾಗವೂ ಒಂದೇ ಇರಲಿ

ಗಲ್ಫ್‌ನಲ್ಲಿರುವ ನಮ್ಮೂರ ಮಕ್ಕಳು ರಜೆಯ ದಿನ ಗೆಳೆಯರ ಜೊತೆ ಎಲ್ಲಿಗೆ, ಹೇಗೆ ಹೋಗಿಬರಬಹುದು ಎಂದು ಕಾಸರಗೋಡಿನ ಬೇರೆ ಬೇರೆ ಊರುಗಳಿಂದ ಓದುಗರು ಕೇಳಿದ್ದಾರೆ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಯುಎಇಯ ಬಗ್ಗೆ. ಹಾಗಾಗಿ ಈ ಸಲದ ಉತ್ತರಗಳೆಲ್ಲ ಅಲ್ಲಿಯವೇ.

ಮಗ ಶಾರ್ಜಾದಲ್ಲಿದ್ದಾನೆ. ಬೇರೆ ಬೇರೆ ಕಂಪೆನಿಗಳ ಏಳು ಮಂದಿ ಗೆಳೆಯರಿಗೆ ಒಟ್ಟಿಗೆ ರಜೆ ಸಿಗುವುದು ಭಾನುವಾರ ಮಾತ್ರ. ಆ ಒಂದು ದಿನದಲ್ಲಿ ಖೋರ್‌ಫಕ್ಕಾನ್, ಜಬಲ್ ಜೈಸ್, ಅಲ್ ಐನ್ ಮೂರನ್ನೂ ಮುಗಿಸಿ ಬರುತ್ತೇವೆ ಎನ್ನುತ್ತಾನೆ. ಆಗುತ್ತದೆಯೇ?
— ಬದಿಯಡ್ಕದಿಂದ ಒಬ್ಬ ತಂದೆ

ಆಗುವುದಿಲ್ಲ. ಖೋರ್‌ಫಕ್ಕಾನ್ ಪೂರ್ವದ ಕಡಲ ಬದಿಯಲ್ಲಿದೆ, ಜಬಲ್ ಜೈಸ್ ಉತ್ತರದ ತುದಿಯಲ್ಲಿ, ಅಲ್ ಐನ್ ದಕ್ಷಿಣದಲ್ಲಿ. ಮೂರನ್ನೂ ಸುತ್ತಿದರೆ ಏಳೆಂಟು ಗಂಟೆ ಕಾರಿನೊಳಗೇ ಕಳೆಯುತ್ತದೆ. ಮೂರು ಕಡೆಯೂ ಇಳಿದು ಫೋಟೋ ತೆಗೆಯುವುದು, ಮತ್ತೆ ಹತ್ತುವುದು, ಇಷ್ಟೇ ಆಗುತ್ತದೆ. ಅದೂ ಡ್ರೈವಿಂಗ್ ಬರುವವರು ಗುಂಪಿನಲ್ಲಿ ಇಬ್ಬರೇ ಇದ್ದರೆ ಆ ಇಬ್ಬರಿಗೆ ರಜೆಯೇ ಇಲ್ಲ.

ಭಾನುವಾರದ ವಿಷಯ ಗೊತ್ತಿರಲಿ. 2022ರ ಜನವರಿ 1ರಿಂದ ಅಲ್ಲಿನ ಸರಕಾರಿ ಕಚೇರಿಗಳ ರಜೆ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು. ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾ ಸರಕಾರ ಶುಕ್ರವಾರವನ್ನೂ ಸೇರಿಸಿ ಮೂರು ದಿನ ರಜೆ ಕೊಡುತ್ತದೆ. ಖಾಸಗಿ ಕಂಪೆನಿಗಳಲ್ಲಿ ಒಂದೇ ದಿನ ರಜೆ ಇರುವವರಿಗೆ ಅದು ಹೆಚ್ಚಾಗಿ ಭಾನುವಾರವೇ. ಎಲ್ಲರೂ ಹೊರಡುವುದು ಅಂದೇ. ಸಂಜೆ ಐದರಿಂದ ಎಂಟರ ತನಕ ದುಬೈ, ಶಾರ್ಜಾದ ಕಡೆ ಹಿಂತಿರುಗುವ ರಸ್ತೆಗಳಲ್ಲಿ ವಾಹನ ತೆವಳುತ್ತದೆ.

ಶಾರ್ಜಾದವರಿಗೆ ನಾವು ಹೇಳುವುದು ಖೋರ್‌ಫಕ್ಕಾನ್. 2019ರಲ್ಲಿ ತೆರೆದ 89 ಕಿ.ಮೀ. ರಸ್ತೆ ಹಜರ್ ಬೆಟ್ಟಗಳನ್ನು ಐದು ಸುರಂಗಗಳಲ್ಲಿ ಕೊರೆದು ಹೋಗುತ್ತದೆ, ಒಂದು ಗಂಟೆ ಸಾಕು. ಹೊರಡುವ ಹೊತ್ತು ಮುಖ್ಯ. ನಮ್ಮ ಕಡೆಯವರಿಗೆ ಕಡಲೆಂದರೆ ಪಶ್ಚಿಮ, ಸೂರ್ಯ ಮುಳುಗುವ ಜಾಗ. ಅಲ್ಲಿ ಕಡಲು ಪೂರ್ವಕ್ಕಿದೆ, ಬೆಟ್ಟ ಬೆನ್ನಿಗೆ. ಸೂರ್ಯ ನೀರಿನಿಂದ ಏಳುತ್ತಾನೆ, ಸಂಜೆ ಬೇಗನೆ ಬೆಟ್ಟದ ಹಿಂದೆ ಸರಿಯುತ್ತಾನೆ. ಆದ್ದರಿಂದ ಸೂರ್ಯಾಸ್ತಕ್ಕೆಂದು ಹೋದವರಿಗೆ ನಿರಾಶೆ, ಬೆಳಗ್ಗೆ ಐದಕ್ಕೆ ಹೊರಟವರಿಗೆ ಹಬ್ಬ. ಉದಯ ನೋಡಿ, ಕಡಲ ಬದಿಯಲ್ಲಿ ತಿಂಡಿ ತಿಂದು, ಹತ್ತರ ಒಳಗೆ ಈಜು ಮುಗಿಸಿ, ಬಿಸಿಲೇರುವಾಗ ರಫೀಸಾ ಅಣೆಕಟ್ಟಿನ ಬದಿಯ ನೆರಳಿಗೆ ಬನ್ನಿ. ಅಲ್ಲಿ ಬಾಡಿಗೆ ದೋಣಿ ಸಿಗುತ್ತದೆ. ಊಟ ಮಾಡಿ ಒಂದು ಗಂಟೆ ಮಲಗಿ, ಮೂರೂವರೆಗೆ ಕಾರು ತಿರುಗಿಸಿದರೆ ಐದಕ್ಕೆ ಮನೆ. ಜಬಲ್ ಜೈಸ್ ಇನ್ನೊಂದು ಭಾನುವಾರಕ್ಕಿರಲಿ. 1,934 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಕೆಳಗಿಗಿಂತ ಹತ್ತು ಡಿಗ್ರಿಯಷ್ಟು ತಂಪು. ಜನವರಿಯಲ್ಲಿ ಟೀ ಶರ್ಟಿನಲ್ಲಿ ಹೋದವರು ಕಾರಿನಿಂದ ಇಳಿಯುವುದೇ ಇಲ್ಲ.

ನಮ್ಮ ಗುಂಪಿನಲ್ಲಿ ಯಾರಿಗೂ ಕಾರಿಲ್ಲ. ನಾಲ್ವರು ದುಬೈಯ ಒಂದೇ ರೂಮಿನಲ್ಲಿದ್ದೇವೆ. ಬೆಟ್ಟದ ನಡುವಿನ ಹತ್ತಾ ಎಂಬ ಊರಿಗೆ ಹೋಗಬೇಕೆಂದಿದೆ. ಪರಿಚಯದವರೊಬ್ಬರು ತಲೆಗೆ ಇಷ್ಟು ಎಂದು ತೆಗೆದುಕೊಂಡು ಕರೆದೊಯ್ಯುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
— ಉಪ್ಪಳದವರು, ಈಗ ದುಬೈಯಲ್ಲಿ

ಬೇಡ. ಪರವಾನಗಿ ಇಲ್ಲದ ಖಾಸಗಿ ವಾಹನದಲ್ಲಿ ಹಣಕ್ಕೆ ಜನ ಸಾಗಿಸಿದರೆ 3,000 ದಿರ್ಹಂ ದಂಡ, ಜೊತೆಗೆ 30 ದಿನ ವಾಹನ ಜಪ್ತಿ. ದಂಡ ಅವರಿಗೆ ಬೀಳುತ್ತದೆ ನಿಜ, ಆದರೆ ನಡುದಾರಿಯಲ್ಲಿ ಇಳಿಯುವವರು ನೀವು. ಅಪಘಾತವಾದರೆ ವಿಮೆಯ ತಕರಾರೂ ಅಲ್ಲೇ ಶುರು.

ದುಬೈ ಮಾಲ್ ಬಸ್ ನಿಲ್ದಾಣದಿಂದ ಆರ್‌ಟಿಎಯ, ಅಂದರೆ ದುಬೈ ಸಾರಿಗೆ ಪ್ರಾಧಿಕಾರದ, ಹತ್ತಾ ಎಕ್ಸ್‌ಪ್ರೆಸ್ ಬಸ್ ಇದೆ. ಬಸ್ಸಿನ ಹಣ ಕೊಡುವ ನೋಲ್ ಕಾರ್ಡಿನಲ್ಲಿ ಹೋಗಿಬರುವ ಎರಡೂ ಸಲದ ಹಣ ಮೊದಲೇ ತುಂಬಿಸಿಕೊಳ್ಳಿ, ವಾಪಸು ಬರುವಾಗ ಬಾಕಿ ಸಾಲದೆ ಪರದಾಡುವವರೇ ಹೆಚ್ಚು. ಬಸ್ಸುಗಳ ನಡುವಿನ ಅಂತರ ಗಂಟೆಗಟ್ಟಲೆ. ಹಾಗಾಗಿ ಇಳಿದ ಕೂಡಲೇ ಕೊನೆಯ ಬಸ್ಸಿನ ಹೊತ್ತು ಕೇಳಿ, ಅದಕ್ಕಿಂತ ಒಂದು ಬಸ್ಸು ಮೊದಲು ಹೊರಡುವ ಲೆಕ್ಕ ಇಟ್ಟುಕೊಳ್ಳಿ. ಹತ್ತಾ ಅಣೆಕಟ್ಟಿನ ನೀರು ಹಸಿರಾಗಿ ಎಷ್ಟೇ ಕರೆದರೂ ಅಲ್ಲಿ ಈಜುವಂತಿಲ್ಲ, ಕಯಾಕ್‌ನಂಥ ಸಣ್ಣ ದೋಣಿಗಳು ಮಾತ್ರ. ಮೊಬೈಲನ್ನು ಜಿಪ್ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಳ್ಳಿ. ಕಯಾಕ್ ಮಗುಚುವುದು ನೀರಿನ ನಡುವೆ ಅಲ್ಲ, ಹತ್ತುವಾಗ ಮತ್ತು ಇಳಿಯುವಾಗ. ಒಬ್ಬರು ಕುಳಿತು ಸಮತೋಲ ಆದ ಮೇಲೆ ಇನ್ನೊಬ್ಬರು ಹತ್ತಬೇಕು, ಅದೂ ನಡುಮಧ್ಯಕ್ಕೆ ಕಾಲಿಟ್ಟು.

ಮುಂದೆ ಬಾಡಿಗೆ ಕಾರು ಹಿಡಿದರೆ ಎರಡು ಮಾತು. ಅಲ್ಲಿನ ವಾಸದ ವೀಸಾ ಇರುವವರಿಗೆ ಊರಿನ ಲೈಸೆನ್ಸ್ ಸಾಲದು, ಯುಎಇ ಲೈಸೆನ್ಸೇ ಬೇಕು. ವಿಸಿಟ್ ವೀಸಾದಲ್ಲಿ ಬಂದ ತಮ್ಮನೋ ಭಾವನೋ ಓಡಿಸುವುದಿದ್ದರೆ ಊರಿನಿಂದಲೇ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ ತರಬೇಕು. ಎರಡನೆಯದು ದಾರಿ. ಹತ್ತಾಗೆ ಹೋಗುವ ಹಳೆಯ ರಸ್ತೆಯ ಒಂದು ತುಂಡು ಒಮಾನ್ ನೆಲದ ಮೇಲೆ ಹಾದುಹೋಗುತ್ತದೆ. ತಲಪಾಡಿಯಲ್ಲಿ ಗಡಿ ದಾಟುತ್ತಾ ಬೆಳೆದ ನಮಗೆ ಅದೇನು ಮಹಾ ಅನಿಸಬಹುದು, ಆದರೆ ಅಲ್ಲಿನ ಚೆಕ್‌ಪೋಸ್ಟಿನಿಂದ ಭಾರತೀಯ ಪಾಸ್‌ಪೋರ್ಟಿನವರನ್ನು ಹಿಂದಕ್ಕೆ ಕಳಿಸುತ್ತಾರೆ. ಮ್ಲೇಹಾ ಮೇಲಿನ ಶಾರ್ಜಾ–ಕಲ್ಬಾ ರಸ್ತೆ ಹಿಡಿಯಿರಿ.

ನಾವು ಹತ್ತು ಮಂದಿ, ಎಲ್ಲರೂ ಸಸ್ಯಾಹಾರಿಗಳು. ಬೆಳಗ್ಗೆ ಕಟ್ಟಿಕೊಂಡು ಹೋದ ಊಟ ಮಧ್ಯಾಹ್ನ ತೆರೆಯುವಾಗ ಹುಳಿ ವಾಸನೆ. ಎರಡು ಸಲ ಹೀಗಾಯಿತು. ಹೋಟೆಲಿಗೆ ಹೋಗಲು ಮನಸ್ಸಿಲ್ಲ. ಏನು ಮಾಡಬೇಕು?
— ನೀರ್ಚಾಲು ಮೂಲದವರು, ಅಜ್ಮಾನ್

ಚಟ್ನಿಯನ್ನೋ ಕಾಯಿ ಹಾಕಿದ ಪಲ್ಯವನ್ನೋ ಒಯ್ದಿದ್ದೀರಿ, ಬಹುಶಃ ಬಿಸಿ ಅನ್ನವನ್ನು ಹಾಗೆಯೇ ಡಬ್ಬಕ್ಕೆ ತುಂಬಿಸಿದ್ದೀರಿ. ನಮ್ಮ ಅಡುಗೆಯಲ್ಲಿ ಹಳಸುವುದರಲ್ಲಿ ತೆಂಗಿನಕಾಯಿಗೆ ಮೊದಲ ಸ್ಥಾನ. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಹಸಿ ಕಾಯಿ ಮೂರು ಗಂಟೆಯೂ ತಡೆಯದು. ಇನ್ನು ಬಿಸಿ ಅನ್ನ ಮುಚ್ಚಳದೊಳಗೆ ಬೆವರುತ್ತದೆ, ಆ ನೀರು ಮತ್ತೆ ಅನ್ನದ ಮೇಲೇ ಬೀಳುತ್ತದೆ. ಉಗುರುಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇದ್ದರೆ ಅನ್ನ ಕೆಡಲು ಬೇರೇನೂ ಬೇಕಿಲ್ಲ. ಹೀಗೆ ಇಟ್ಟ ಅನ್ನದಲ್ಲಿ ಹುಟ್ಟುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬಂದದ್ದು ನಿಮ್ಮ ಪುಣ್ಯ ಎನ್ನಬೇಕು, ಎಷ್ಟೋ ಸಲ ಅದೂ ಬರುವುದಿಲ್ಲ.

ಹತ್ತು ಮಂದಿಗೆ ಹುಳಿಯನ್ನ ಮಾಡಿ. ಅಕ್ಕಿ 1 ಕಿಲೋ ಸಾಕು, ಸೋನಾ ಮಸೂರಿಯಂಥ ಬೆಳ್ತಿಗೆ ಇರಲಿ. ಕುಚ್ಚಲಕ್ಕಿ ನಮಗೆಷ್ಟೇ ಪ್ರೀತಿಯದಾದರೂ ಅದರ ದಪ್ಪ ಕಾಳು ಗೊಜ್ಜು ಹೀರುವುದಿಲ್ಲ. ಗೊಜ್ಜು ಹಿಂದಿನ ರಾತ್ರಿಯೇ ಆಗಲಿ: ಹುಣಸೆಹುಳಿ 100 ಗ್ರಾಂ, ಬೆಲ್ಲ 50 ಗ್ರಾಂ, ಎಣ್ಣೆ 150 ಮಿಲಿ, ಹುರಿದ ನೆಲಗಡಲೆ 150 ಗ್ರಾಂ, ಉಪ್ಪು, ಪುಡಿ, ಒಗ್ಗರಣೆ. ನೀರಿನಂಶ ಆರಿ ಎಣ್ಣೆ ಬದಿಗೆ ಬಿಡುವ ತನಕ ಕುದಿಯಬೇಕು. ಇಲ್ಲಿ ಅವಸರ ಮಾಡಿ ತೆಳ್ಳಗೆ ಇಳಿಸಿದರೆ ಮರುದಿನ ಅನ್ನ ಮುದ್ದೆ. ನೆಲಗಡಲೆ ಬೇರೆ ಕಟ್ಟಿಕೊಳ್ಳಿ, ಮೊದಲೇ ಸೇರಿಸಿದರೆ ಮೆತ್ತಗಾಗುತ್ತದೆ. ಬೆಳಗ್ಗೆ ಅನ್ನ ಉದುರುದುರಾಗಿ ಮಾಡಿ, ಎರಡು ಅಗಲದ ತಟ್ಟೆಗಳಲ್ಲಿ ಹರಡಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಿ. ಕೈಯಿಟ್ಟರೆ ತಣ್ಣಗಿರಬೇಕು. ಆಮೇಲೆ ಗೊಜ್ಜು ಕಲಸಿ ಡಬ್ಬಕ್ಕೆ. ಬದಿಗೆ ಚಟ್ನಿಪುಡಿ, ಉಪ್ಪಿನಕಾಯಿ, ಹುರಿದ ಹಪ್ಪಳ. ಬೆಳಗ್ಗಿನ ತಿಂಡಿಗೆ ಒಣ ಅವಲಕ್ಕಿ ಒಯ್ದು ಅಲ್ಲೇ ಎಣ್ಣೆ, ಬೆಲ್ಲ, ಆಗ ತಾನೇ ತುರಿದ ಕಾಯಿ ಕಲಸಿಕೊಳ್ಳಿ. ಇಡೀ ಕಾಯಿ ಒಯ್ದರೆ ಕೆಡುವ ಪ್ರಶ್ನೆಯೇ ಇಲ್ಲ. ಒಡೆಯಲು ಮಾತ್ರ ಕತ್ತಿಯ ಹಿಂಬದಿ ಬೇಕು, ಬಂಡೆಗೆ ಬಡಿದು ನೀರು ಚೆಲ್ಲಬೇಡಿ.

ಮೊಸರನ್ನ ಬೇಕೇ ಬೇಕು ಎನ್ನುವವರು ಮೊಸರಿನ ಬದಲು ಹಾಲು ಹೆಚ್ಚು ಹಾಕಿ. ಅರ್ಧ ಕಿಲೋ ಅಕ್ಕಿಯ ಅನ್ನಕ್ಕೆ ತಣ್ಣನೆಯ ಹಾಲು 1 ಲೀಟರ್, ಮೊಸರು ಎರಡು ಚಮಚ. ಐಸ್ ಪೆಟ್ಟಿಗೆಯಲ್ಲಿ ಇಟ್ಟರಷ್ಟೇ ಇದು ನಿಲ್ಲುತ್ತದೆ.

ಆ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಒಂದೂವರೆ ಲೀಟರಿನ ನೀರಿನ ಬಾಟಲಿ ಐದನ್ನು ಮುಕ್ಕಾಲು ತುಂಬಿಸಿ ಹಿಂದಿನ ದಿನವೇ ಫ್ರೀಜರಿಗೆ ಹಾಕಿ. ಪೂರ್ತಿ ತುಂಬಿಸಿದರೆ ಹೆಪ್ಪುಗಟ್ಟುವಾಗ ಹಿಗ್ಗಿ ಬಾಟಲಿ ಬಿರಿಯುತ್ತದೆ. ಎರಡು ಅಡಿಗೆ, ಮೂರು ಮೇಲಕ್ಕೆ, ಏಕೆಂದರೆ ತಂಪುಗಾಳಿ ಕೆಳಕ್ಕಿಳಿಯುತ್ತದೆ. ಕರಗಿದ ಮೇಲೆ ಅದೇ ಕುಡಿಯುವ ನೀರು. ಕೂಲ್‌ಡ್ರಿಂಕ್ಸಿಗೆ ಬೇರೆ ಪೆಟ್ಟಿಗೆ ಇಡಿ. ಒಂದೇ ಇದ್ದರೆ ಹತ್ತು ಮಂದಿ ಹತ್ತು ಸಲ ತೆರೆದು ಮಧ್ಯಾಹ್ನದೊಳಗೆ ಊಟ ಬಿಸಿಯಾಗುತ್ತದೆ.

ಕುಡಿಯಲು ಪುನರ್ಪುಳಿಗಿಂತ ಒಳ್ಳೆಯದು ಬೇರೆ ಇಲ್ಲ. ಒಣ ಸಿಪ್ಪೆ 100 ಗ್ರಾಮನ್ನು ರಾತ್ರಿ ಅರ್ಧ ಲೀಟರ್ ನೀರಲ್ಲಿ ನೆನೆಸಿ ಕಿವುಚಿ ಸೋಸಿ, ಸಕ್ಕರೆ, ಜೀರಿಗೆ ಪುಡಿ ಹಾಕಿ, ಮೂರು ಲೀಟರ್ ಮಾಡಿ. ಒಂದೂವರೆ ಚಮಚ ಉಪ್ಪು ಮರೆಯಬಾರದು, ಬೆವರಿನಲ್ಲಿ ಹೋಗುವುದು ಅದೇ.

ಕಡಲ ಬದಿಯಲ್ಲಿ ಕೆಂಡದ ಮೇಲೆ ಮೀನು ಸುಡುವಾಗ ಅರ್ಧ ಮೀನು ಜಾಲರಿಗೇ ಅಂಟುತ್ತದೆ. ಯಾಕೆ?
— ಕುಂಬಳೆಯ ಓದುಗರು, ದುಬೈ

ಮೊದಲು ಜಾಗ. ದುಬೈಯ ತೆರೆದ ಬೀಚಿನಲ್ಲಿ ಬಾರ್ಬೆಕ್ಯೂ ನಿಷಿದ್ಧ. ಮಮ್ಜರ್, ಮುಶ್ರಿಫ್‌ನಂಥ ಪಾರ್ಕುಗಳಲ್ಲಿ ಅದಕ್ಕೆಂದೇ ಜಾಗವಿದೆ, ಅಲ್ಲಿಯೂ ಹುಲ್ಲಿನ ಮೇಲೆ ಒಲೆ ಇಡುವಂತಿಲ್ಲ.

ಅಂಟುವುದಕ್ಕೆ ಕಾರಣ ಮೂರು. ಮೀನು ಒದ್ದೆ, ಜಾಲರಿ ತಣ್ಣಗೆ, ಮತ್ತು ನೀವು ಬೇಗ ತಿರುಗಿಸುತ್ತೀರಿ. ಎಂಟು ಮಂದಿಗೆ ಬಂಗುಡೆ ಹದಿನಾರು, ಸುಮಾರು ಎರಡೂವರೆ ಕಿಲೋ. ತೊಳೆದ ಮೇಲೆ ಒಳಗೂ ಹೊರಗೂ ಟಿಶ್ಯೂ ಪೇಪರಿನಿಂದ ಒರೆಸಿ. ಮಸಾಲೆಗೆ ಬ್ಯಾಡಗಿ ಮೆಣಸು ಇಪ್ಪತ್ತು, ಕರಿಮೆಣಸು ಒಂದು ಚಮಚ, ಬೆಳ್ಳುಳ್ಳಿ ಹನ್ನೆರಡು ಎಸಳು, ಲಿಂಬೆ ಗಾತ್ರದ ಹುಳಿ, ಅರಿಶಿನ, ಉಪ್ಪು. ನೀರು ಆದಷ್ಟು ಕಡಿಮೆ. ಬೆರಳಿಗೆ ಹತ್ತಿದ ಮಸಾಲೆ ಬೆರಳಲ್ಲೇ ನಿಲ್ಲಬೇಕು, ಜಾರಿದರೆ ಕೆಂಡಕ್ಕೇ ಬೀಳುತ್ತದೆ. ಗೀರಿನೊಳಗೆ ಒತ್ತಿ ಹಚ್ಚಿ, ಒಂದು ಗಂಟೆ ಐಸಿನ ಮೇಲಿಡಿ.

ಇದ್ದಿಲು 3 ಕಿಲೋ. ಹೊತ್ತಿಸಿದ ಕೂಡಲೇ ಮೀನು ಇಡಬಾರದು. ಮೂವತ್ತು–ನಲವತ್ತು ನಿಮಿಷ ಕಾದರೆ ಜ್ವಾಲೆ ಅಡಗಿ, ಕೆಂಡದ ಮೈಮೇಲೆ ಬಿಳಿಬೂದಿ ಹರಡುತ್ತದೆ. ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ನಾಲ್ಕು ಎಣಿಸುವಾಗ ಕೈ ಹಿಂದೆಗೆಯಬೇಕೆನಿಸಿದರೆ ಹದ. ಕೆಂಡವನ್ನು ಒಂದು ಬದಿಗೆ ದಪ್ಪಗೆ, ಇನ್ನೊಂದು ಬದಿಗೆ ತೆಳ್ಳಗೆ ಎಳೆಯಿರಿ. ಖಾಲಿ ಜಾಲರಿ ಐದು ನಿಮಿಷ ಕಾಯಲಿ, ಅರ್ಧ ಕತ್ತರಿಸಿದ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಆಮೇಲೆ ಮೀನು. ನಾಲ್ಕೈದು ನಿಮಿಷ ಮುಟ್ಟಬೇಡಿ. ಚರ್ಮ ಗರಿಯಾದ ಮೇಲೆ ಮೀನು ತಾನಾಗಿ ಬಿಡುತ್ತದೆ. ಎತ್ತುವಾಗ ಎಳೆದಂತಾದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಎಣ್ಣೆ ತೊಟ್ಟಿಕ್ಕಿ ಬೆಂಕಿ ಎದ್ದರೆ ನೀರು ಚಿಮುಕಿಸದೆ ಮೀನನ್ನು ತೆಳು ಕೆಂಡದ ಬದಿಗೆ ಸರಿಸಿ, ನೀರು ಹಾಕಿದರೆ ಬೂದಿಯೆಲ್ಲ ಮೀನಿನ ಮೇಲೆ.

ಅಂಜಲ್ ಬೇಕೆಂದರೆ ಅಲ್ಲಿ ಕನ್ನಾದ್ ಎಂದು ಕೇಳಿ. ಆಗಸ್ಟ್ 15ರಿಂದ ಅಕ್ಟೋಬರ್ 15ರ ತನಕ ಅದನ್ನು ಹಿಡಿಯುವುದಕ್ಕೆ ನಿಷೇಧವಿದೆ, ಮೊಟ್ಟೆಯಿಡುವ ಕಾಲ.

ಕೊನೆಯಲ್ಲಿ ಕೆಂಡವನ್ನು ಹೊಯ್ಗೆಯಲ್ಲಿ ಹೂಳುವುದು ದೊಡ್ಡ ತಪ್ಪು. ಹೊಯ್ಗೆಯ ಕೆಳಗೆ ಅದು ಗಂಟೆಗಟ್ಟಲೆ ಆರುವುದಿಲ್ಲ, ಮೇಲೆ ಗುರುತೂ ಇರುವುದಿಲ್ಲ, ಬರಿಗಾಲಲ್ಲಿ ಓಡಿಬರುವ ಮಗು ಅದರ ಮೇಲೇ ಕಾಲಿಡುತ್ತದೆ. ಐದಾರು ಲೀಟರ್ ನೀರು ಹೊಯ್ದು, ಕಲಕಿ, ಮತ್ತೆ ಹೊಯ್ದು, ತಣ್ಣಗಾದುದನ್ನು ಕೆಂಡದ ತೊಟ್ಟಿಗೆ ಹಾಕಿ.

ಮರುಭೂಮಿಯಲ್ಲಿ ಒಂದು ರಾತ್ರಿ ಟೆಂಟ್ ಹಾಕುವ ಆಸೆ ಗೆಳೆಯರದು. ಬಾಡಿಗೆ ಕಾರು ಸಾಕೇ? ಏನೇನು ನೋಡಿಕೊಳ್ಳಬೇಕು?
— ಮುಳ್ಳೇರಿಯದಿಂದ

ಬಾಡಿಗೆಯ ಸಾಧಾರಣ ಕಾರು ಹೊಯ್ಗೆಗಿಳಿಯಬಾರದು. ಕರಾರಿನಲ್ಲೇ ಅದಕ್ಕೆ ನಿಷೇಧವಿರುತ್ತದೆ, ವಿಮೆಯೂ ಸಿಗದು. ಗಟ್ಟಿ ನೆಲದಲ್ಲಿ ಕಾರು ಬಿಟ್ಟು ನೂರು ಹೆಜ್ಜೆ ಸಾಮಾನು ಹೊತ್ತು ನಡೆಯಿರಿ. ಫೋರ್‌ವೀಲ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ, ಇದ್ದರೂ ಒಂದೇ ಬೇಡ, ಎರಡಿರಲಿ. ನವೆಂಬರಿನಿಂದ ಮಾರ್ಚ್ ಇದಕ್ಕೆ ಕಾಲ.

ಫೋರ್‌ವೀಲ್‌ನವರು ಹೊಯ್ಗೆಗೆ ಇಳಿಯುವ ಮೊದಲು ಟಯರಿನ ಗಾಳಿಯನ್ನು 35ರಿಂದ 15–18 ಪಿಎಸ್‌ಐಗೆ ಇಳಿಸಬೇಕು. ಆಗ ಟಯರು ಅಗಲವಾಗಿ, ಒಂಟೆಯ ಪಾದದ ಹಾಗೆ ಭಾರ ಹಂಚುತ್ತದೆ. ಅದೇ ಟಯರಿನಲ್ಲಿ ಡಾಂಬರು ರಸ್ತೆಯಲ್ಲಿ ವೇಗವಾಗಿ ಹೋದರೆ ಕಾದು ಸಿಡಿಯುತ್ತದೆ, ಆದ್ದರಿಂದ ಗಾಳಿ ತುಂಬುವ ಕಂಪ್ರೆಸರ್ ಜೊತೆಗಿಲ್ಲದೆ ಗಾಳಿ ಬಿಡಬೇಡಿ. ಹೂತುಕೊಂಡರೆ ಎಕ್ಸಲರೇಟರ್ ಒತ್ತುವುದೇ ಎಲ್ಲರೂ ಮಾಡುವ ತಪ್ಪು. ಚಕ್ರ ಒಂದೊಂದು ಸುತ್ತಿಗೂ ತನ್ನ ಗುಂಡಿಯನ್ನು ತಾನೇ ತೋಡುತ್ತದೆ, ಕೊನೆಗೆ ಗಾಡಿಯ ಹೊಟ್ಟೆ ಹೊಯ್ಗೆಯ ಮೇಲೆ ಕೂರುತ್ತದೆ. ತಕ್ಷಣ ನಿಲ್ಲಿಸಿ, ಎಲ್ಲರೂ ಇಳಿದು, ನಾಲ್ಕೂ ಚಕ್ರದ ಮುಂದೆ-ಹಿಂದೆ ಕೈಯಿಂದ ಹೊಯ್ಗೆ ತೆಗೆದು, ಗಾಳಿಯನ್ನು 10–12ಕ್ಕೆ ಇಳಿಸಿ, ಬಂದ ಗಾಲಿಜಾಡಿನಲ್ಲೇ ನಿಧಾನವಾಗಿ ರಿವರ್ಸ್ ಬನ್ನಿ. ಆ ಜಾಡು ಆಗಲೇ ತುಳಿದು ಗಟ್ಟಿಯಾಗಿರುತ್ತದೆ. ಗಾಳಿ ಇಷ್ಟು ಕಡಿಮೆಯಿರುವಾಗ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚುತ್ತದೆ. ಬೆಳ್ಳಗೆ ಮಟ್ಟಸವಾಗಿ ಕಾಣುವ ಉಪ್ಪುನೆಲವನ್ನು, ಅಲ್ಲಿ ಅದಕ್ಕೆ ಸಬ್ಖಾ ಎನ್ನುತ್ತಾರೆ, ರಸ್ತೆಯೆಂದು ನಂಬಬೇಡಿ. ಮೇಲಿನ ಹೊಪ್ಪಳೆಯ ಕೆಳಗೆ ಕೆಸರು, ನಮ್ಮ ಕಂಬಳದ ಗದ್ದೆಯಂತೆಯೇ.

ಟೆಂಟಿನ ಗೂಟ ಹೊಯ್ಗೆಯಲ್ಲಿ ನಿಲ್ಲದು. ದನ ಕಟ್ಟಿದ ಗೂಟ ಮಳೆಗಾಲದಲ್ಲಿ ಕಿತ್ತುಬರುವ ಹಾಗೆ, ಒಂದು ಗಾಳಿಗೆ ಎಲ್ಲ ಮೇಲೆ. ಗೂಟದ ಬದಲು ಅಂಗಡಿಯ ಗಟ್ಟಿ ಚೀಲಕ್ಕೆ ನಾಲ್ಕು ಕಿಲೋದಷ್ಟು ಹೊಯ್ಗೆ ತುಂಬಿಸಿ, ಬಾಯಿಗೆ ಟೆಂಟಿನ ಹಗ್ಗ ಬಿಗಿದು, ಮೊಣಕೈ ಆಳದ ಗುಂಡಿಯಲ್ಲಿ ಹೂತು ತುಳಿಯಿರಿ. ಎಂಥ ಗಾಳಿಗೂ ಅಲುಗದು. ಬೆಳಗ್ಗೆ ಚೀಲ ತೆಗೆಯಲು ಮರೆಯಬಾರದು, ಪ್ಲಾಸ್ಟಿಕ್ ನುಂಗಿ ಸಾಯುವ ಒಂಟೆಗಳು ಅಲ್ಲಿ ಕಡಿಮೆಯಲ್ಲ. ಬಾಗಿಲು ವಾಯವ್ಯಕ್ಕೆ ಬೇಡ, ಶಮಾಲ್ ಗಾಳಿ ಆ ದಿಕ್ಕಿನದು. ದಿಬ್ಬದ ನೆತ್ತಿಯ ಮರೆಯಲ್ಲಿ ಬುಡಕ್ಕೆ ಮಲಗುವುದೂ ಬೇಡ. ರಾತ್ರಿ ದಿಬ್ಬ ಹಾರಿಸುವ ಗಾಡಿಯವರಿಗೆ ಆಚೆ ಬದಿ ಕಾಣುವುದಿಲ್ಲ. ಜನವರಿಯಲ್ಲಿ ರಾತ್ರಿ ಹತ್ತು ಡಿಗ್ರಿಯ ಸುತ್ತ ಇಳಿಯುತ್ತದೆ, ಇಬ್ಬನಿಗೆ ಹೊದಿಕೆ ಹಿಂಡುವಷ್ಟು ಒದ್ದೆಯಾಗುತ್ತದೆ. ಚಳಿಯೆಂದು ಕೆಂಡದ ಒಲೆಯನ್ನು ಟೆಂಟಿನೊಳಗೆ ತಂದರೆ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಬೆಳಗ್ಗೆ ಬೂಟು ಮಗುಚಿ ಬಡಿದು ಹಾಕಿಕೊಳ್ಳಿ, ಚೇಳಿಗೆ ಅದು ಬೆಚ್ಚಗಿನ ಮನೆ. ನೀರು ತಲೆಗೆ ನಾಲ್ಕು ಲೀಟರ್.

ಇನ್ನೊಂದು. ಅಲ್ಲಿ ಒಂಟಿಯಾಗಿ ನಿಂತ ಹಸಿರು ಮರ ಕಂಡರೆ ಅದು ಹೆಚ್ಚಾಗಿ ಗಾಫ್. ನಾವು ವಿಜಯದಶಮಿಗೆ ಸುತ್ತುಬರುವ ಬನ್ನಿಮರವೇ ಅದು, ಶಮೀವೃಕ್ಷ. ಯುಎಇ ಅದನ್ನು ರಾಷ್ಟ್ರವೃಕ್ಷವೆಂದು ಕಾಪಾಡುತ್ತದೆ, ಒಣಗಿದಂತೆ ಕಂಡರೂ ಕೊಂಬೆ ಮುರಿಯುವಂತಿಲ್ಲ. ಸೌದೆ ಅಂಗಡಿಯಿಂದ ಒಯ್ಯಿರಿ.

ಮಳೆ ಬಂದ ಕೂಡಲೇ ಮಗನ ಗೆಳೆಯರೆಲ್ಲ ಬೆಟ್ಟದ ತೋಡು ನೋಡಲು ಓಡುತ್ತಾರಂತೆ. ಅಲ್ಲಿನ ಮಳೆ ನಮ್ಮ ಆಟಿಯ ಮಳೆಯಷ್ಟಿಲ್ಲವಲ್ಲ, ಹೆದರಬೇಕೇ?
— ಅಡೂರಿನ ಒಬ್ಬ ತಾಯಿ

ಹೆದರಲೇಬೇಕು ಅಮ್ಮಾ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಸುರಿದರೂ ಮಣ್ಣು ಕುಡಿಯುತ್ತದೆ, ಕಾಡು ಹಿಡಿದಿಡುತ್ತದೆ, ಪಯಸ್ವಿನಿ ಹಂತಹಂತವಾಗಿ ಏರುತ್ತದೆ. ಹಜರ್ ಬೆಟ್ಟ ಬರೀ ಬಂಡೆ. ಬಿದ್ದ ನೀರೆಲ್ಲ ಒಮ್ಮೆಲೇ ವಾದಿಗೆ, ಅಂದರೆ ಒಣ ತೋಡಿಗೆ, ನುಗ್ಗುತ್ತದೆ. ಮಳೆ ಬಿದ್ದದ್ದು ಇಪ್ಪತ್ತು ಕಿ.ಮೀ. ಮೇಲೆ, ನೀವು ನಿಂತಲ್ಲಿ ಬಿಸಿಲು, ನೀರು ಬರುವುದು ಗೋಡೆಯ ಹಾಗೆ. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಸುರಿಯಿತು. ಅಲ್ಲಿ ಎರಡು ವರ್ಷಕ್ಕೂ ಅಷ್ಟು ಬೀಳುವುದಿಲ್ಲ.

ಕಾನೂನೂ ಇದೆ. 2023ರಿಂದ, ಮಳೆಯ ವೇಳೆ ವಾದಿ, ಅಣೆಕಟ್ಟುಗಳ ಬಳಿ ಸೇರಿದರೆ 1,000 ದಿರ್ಹಂ ದಂಡ, ಲೈಸೆನ್ಸಿನ ಮೇಲೆ 6 ಬ್ಲ್ಯಾಕ್ ಪಾಯಿಂಟ್. ನೀರು ಹರಿಯುತ್ತಿರುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಂ, 23 ಪಾಯಿಂಟ್, 60 ದಿನ ಜಪ್ತಿ. 24 ಪಾಯಿಂಟಿಗೆ ಲೈಸೆನ್ಸೇ ಅಮಾನತಾಗುತ್ತದೆ. ಒಂದಡಿ ನೀರು ಸಾಕು, ಸಣ್ಣ ಕಾರು ತೇಲುತ್ತದೆ. ತೋಡಿನ ನೀರು ಕೆಂಪಾದರೆ, ಕಡ್ಡಿ-ಎಲೆ ತೇಲಿಬಂದರೆ, ದೂರದಲ್ಲಿ ಲಾರಿ ಬಂದಂಥ ಸದ್ದಾದರೆ ಚಪ್ಪಲಿಯನ್ನೂ ಬಿಟ್ಟು ಬದಿಯ ಗುಡ್ಡ ಹತ್ತಬೇಕು. ಕಾರು ತರಲು ಕೆಳಗಿಳಿಯಬಾರದು. ಮಗನ ಮೊಬೈಲಿನಲ್ಲಿ ಈ ಸಂಖ್ಯೆಗಳಿರಲಿ: ಪೊಲೀಸ್ 999, ಆಂಬ್ಯುಲೆನ್ಸ್ 998, ಅಗ್ನಿಶಾಮಕ 997, ಕರಾವಳಿ ರಕ್ಷಣೆ 996.

ಅಲ್ ಐನ್‌ನಲ್ಲಿ ನಮ್ಮ ಸುರಂಗಗಳಂಥ ನೀರಿನ ಕಾಲುವೆ ಇದೆಯಂತೆ, ಹೌದೇ?
— ಪೆರ್ಲದ ಕೃಷಿಕರು

ಹೌದು, ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದ ನೀರನ್ನು ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ತೋಟಕ್ಕೆ ತರುವ ಉಪಾಯ ಎರಡರದ್ದೂ ಒಂದೇ. ನಮ್ಮದು ಮುರಕಲ್ಲಿನಲ್ಲಿ ಒಬ್ಬ ಆಳು ತೂರುವಷ್ಟು ಕೊರೆದದ್ದು, ಹೆಚ್ಚಾಗಿ ಒಂದು ಮನೆಯ ಸ್ವಂತ. ಅವರದು ಊರಿಗೆಲ್ಲ ಸೇರಿದ್ದು, ಮೇಲಿನಿಂದ ಸಾಲುಸಾಲಾಗಿ ಬಾವಿಯಂಥ ಕಂಡಿಗಳಿರುತ್ತವೆ, ನೀರು ಗಂಟೆಯ ಲೆಕ್ಕದಲ್ಲಿ ಸರದಿಯಂತೆ ಹಂಚಿಕೆ. ಅಲ್ ಐನ್‌ನ ತೋಟದಲ್ಲಿ 1,47,000 ಖರ್ಜೂರದ ಮರಗಳಿವೆ, 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಹೋಗಲು ದುಡ್ಡಿಲ್ಲ. ಸಂಜೆ ನಾಲ್ಕರ ಮೇಲೆ ಆ ನೆರಳಿನ ದಾರಿಯಲ್ಲಿ ನಡೆದರೆ ಅಡಕೆ ತೋಟದ ತಂಪು. ಕಾಲುವೆಯಲ್ಲಿ ನೀರು ಬಿಡುವ ಸರದಿ ಆ ಹೊತ್ತಿಗೆ ಬಿದ್ದರೆ ಅದೃಷ್ಟ.

ವಾರಾಂತ್ಯದ ರಜೆಯೂ ಇಲ್ಲ, ಸಂಜೆ ಏಳಕ್ಕೆ ಕೆಲಸ ಮುಗಿಯುತ್ತದೆ. ನನ್ನಂಥವರಿಗೆ?
— ವರ್ಕಾಡಿಯವರು, ದೇರಾ

ಮನೆ ಬಾಗಿಲಲ್ಲೇ ಇದೆಯಲ್ಲ, ಅಬ್ರಾ ಎಂಬ ದಾಟುದೋಣಿ. ಕ್ರೀಕ್ ದಾಟಿ ಬುರ್ ದುಬೈಗೆ 1 ದಿರ್ಹಂ, ದೋಣಿಯವನ ಕೈಗೇ ಚಿಲ್ಲರೆ. ಇಳಿದು ಅಲ್ ಫಹಿದಿಯ ಹಳೇ ಗಲ್ಲಿಗಳಲ್ಲಿ ನಡೆದು, ಅಲ್ ಸೀಫ್ ದಡದಲ್ಲಿ ಕುಳಿತು ಕರಕ್ ಚಾಯ್ ಕುಡಿದು ವಾಪಸ್. ದೋಣಿಯ ಅಂಚಿನಲ್ಲಿ ಕಾಲು ಇಳಿಬಿಡಬೇಡಿ, ಜೆಟ್ಟಿಗೆ ತಾಗುವಾಗ ಜಜ್ಜುತ್ತದೆ.

ಪ್ರತಿ ಸಲ ತಿರುಗಿ ಬಂದ ಮೇಲೆ ಹಣದ ಲೆಕ್ಕದಲ್ಲಿ ಮನಸ್ತಾಪ. ದಾರಿ ಇದೆಯೇ?
— ಪೈವಳಿಕೆಯವರು, ಶಾರ್ಜಾ

ಜಗಳ ಹುಟ್ಟುವುದು ಪೆಟ್ರೋಲಿನಲ್ಲಲ್ಲ, ವಾರ ಕಳೆದು ಬರುವ ದಂಡದಲ್ಲಿ. ಬಾಡಿಗೆ ಕಾರಿನ ದಂಡ, ಸಾಲಿಕ್ ಎಂಬ ರಸ್ತೆ ಟೋಲ್ ಎಲ್ಲ ಕಾರ್ಡ್ ಕೊಟ್ಟವರ ಖಾತೆಯಿಂದ ತಡವಾಗಿ ಕಡಿತವಾಗುತ್ತದೆ, ಅಷ್ಟರಲ್ಲಿ ಉಳಿದವರು ಲೆಕ್ಕ ಮುಗಿಸಿರುತ್ತಾರೆ. ಆದ್ದರಿಂದ ಹೊರಡುವ ಮೊದಲೇ ತಲೆಗೆ 30 ದಿರ್ಹಂ ಹೆಚ್ಚು ತೆಗೆದಿಟ್ಟು, ಹದಿನೈದು ದಿನ ಕಳೆದು ಉಳಿದದ್ದನ್ನು ಹಿಂದಿರುಗಿಸಿ. ವೇಗದ ದಂಡ ಓಡಿಸಿದವರದು, ಪಾರ್ಕಿಂಗ್ ಮತ್ತು ಸಾಲಿಕ್ ಎಲ್ಲರದು ಎಂದು ಮೊದಲೇ ಮಾತಾಗಲಿ. ಸೀಟ್ ಬೆಲ್ಟ್ ಹಾಕದ್ದಕ್ಕೆ ಬೀಳುವ 400 ದಿರ್ಹಂ ಮಾತ್ರ ಹಿಂದೆ ಕುಳಿತು ಹಾಕದವರದ್ದೇ, ಇದರಲ್ಲಿ ದಾಕ್ಷಿಣ್ಯ ಬೇಡ.

ದಂಡ ಹೆಚ್ಚಾಗಿ ಬೀಳುವ ಕಡೆ ಎರಡು. ದುಬೈಯಲ್ಲಿ ಫಲಕದ ವೇಗಕ್ಕಿಂತ 20 ಕಿ.ಮೀ. ತನಕ ಕ್ಯಾಮರಾ ಸುಮ್ಮನಿರುತ್ತದೆ. ಅಬುಧಾಬಿಯ ಗಡಿ ದಾಟಿದ ಮೇಲೆ ಆ ರಿಯಾಯಿತಿ ಇಲ್ಲ, ಫಲಕದಲ್ಲಿದ್ದಷ್ಟೇ ಮಿತಿ. ಅಲ್ ಐನ್ ಇರುವುದು ಅಬುಧಾಬಿಯಲ್ಲಿ ಎಂಬುದು ಬಹಳ ಮಂದಿಗೆ ದಂಡ ಬಂದ ಮೇಲೆ ಗೊತ್ತಾಗುತ್ತದೆ. ಇನ್ನೊಂದು ಪಾರ್ಕಿಂಗ್: ಭಾನುವಾರ ದುಬೈಯ ಸಾರ್ವಜನಿಕ ಪಾರ್ಕಿಂಗ್ ಉಚಿತ, ಶಾರ್ಜಾದಲ್ಲಿ ಉಚಿತವಿರುವುದು ಶುಕ್ರವಾರ, ಅದೂ ನೀಲಿ ಫಲಕವಿಲ್ಲದ ಕಡೆ. ನಿಮ್ಮ ಗುಂಪು ಭಾನುವಾರ ಬೆಳಗ್ಗೆ ಸೇರುವುದು ಶಾರ್ಜಾದಲ್ಲಾದರೆ, ಅಲ್ಲಿ ಬಿಟ್ಟುಹೋಗುವ ಉಳಿದ ಕಾರುಗಳಿಗೆ ಸಂಜೆಯ ತನಕದ ಪಾರ್ಕಿಂಗ್ ಹಣ ಕಟ್ಟಿಯೇ ಹೊರಡಿ.